ಏಳು ತಾಸು ಪಾಳಿಯಲ್ಲಿ ನಿಂತು ಬಿದ್ದದ್ದು ಫಿಟ್ಸೇ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ, ವಯಸ್ಸು 21. ಹೋದ ಏಪ್ರಿಲ್‌ನಲ್ಲಿ ನಾವು ಮೂವರು ಗೆಳತಿಯರು ಹೈದರಾಬಾದಿಗೆ ರಾಕ್ ಸಂಗೀತ ಕೇಳಲು ಹೋಗಿದ್ದೆವು. ನೆರೆ ಸಂತ್ರಸ್ತರಿಗೆ ಹಣ ಕೂಡಿಸುವ ಕಾರ್ಯಕ್ರಮ ಅದು. ರಾತ್ರಿ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ವೇದಿಕೆಯ ಹತ್ತಿರ ಜಾಗ ಸಿಗಲಿ ಎಂದು ಮುಂಜಾನೆ 8ಕ್ಕೇ ಪಾಳಿ ಹಚ್ಚಿದೆವು. ಸಂಡಾಸಿಗೆ ಹೋದರೆ ಜಾಗ ಹೋಗುತ್ತಿತ್ತು, ಅಲ್ಲಿನ ಹೊಲಸೂ ನೋಡುವಂತಿರಲಿಲ್ಲ. ಹೀಗಾಗಿ ನೀರೇ ಕುಡಿಯಲಿಲ್ಲ. 3 ಗಂಟೆಗೆ ಗೇಟು ತೆಗೆಯುತ್ತಾರೆಂದು ಸುದ್ದಿ ಹಬ್ಬಿ ಎಲ್ಲರೂ ಮುಂದೆ ಒತ್ತಿದರು. ನಾವೂ ಚೀರಿ ಕೂಗಿದೆವು. ನನಗೆ ಹೊಟ್ಟೆ ತೊಳಸಿತು, ಬೆವರಿತು, ಮಾತೆಲ್ಲ ದೂರದಿಂದ ಕೇಳಿದಂತಾಯಿತು, ಕಣ್ಣು ಕಪ್ಪಾಯಿತು. ಗೆಳತಿಯರು ಬೀಳಗೊಡದೆ ಹಿಡಿದು ನಿಲ್ಲಿಸಿದರಂತೆ. ಆಗ ಕೈಕಾಲು ಅದುರಿದವಂತೆ. ಯಾರೋ ಮುಷ್ಟಿಯಲ್ಲಿ ಕೀಲಿಕೈ ಇಟ್ಟರು, ಇನ್ಯಾರೋ ಚಪ್ಪಲಿ ಮೂಸಿಸಿದರು. ನೆಲಕ್ಕೆ ಮಲಗಿಸಿದ ಕೂಡಲೇ ಎಚ್ಚರವಾಯಿತು, ಎಲ್ಲರ ಹೆಸರು ಹಿಡಿದು ಮಾತಾಡಿದೆನಂತೆ. ಊರಿಗೆ ಬಂದ ಮೇಲೆ ಮನೆ ಹತ್ತಿರದ ದವಾಖಾನೆಯಲ್ಲಿ ‘ಫಿಟ್ಸ್ ಇರಬಹುದು’ ಎಂದು ಒಂದು ತಿಂಗಳ ಗುಳಿಗೆ ಬರೆದುಕೊಟ್ಟರು. ಅವು ಮುಗಿದ ಮೇಲೆ ನಾನೇ ಬಿಟ್ಟೆ. ಅಲ್ಲಿಂದ ಇಲ್ಲಿತನಕ ಏನೂ ಆಗಿಲ್ಲ.

ಈಗ ಬೆಂಗಳೂರಿನಲ್ಲಿ ಅಂಥದ್ದೇ ಇನ್ನೊಂದು ಕಾರ್ಯಕ್ರಮ ಇದೆ, ಕ್ಯಾನ್ಸರ್ ಆದ ಮಕ್ಕಳ ಚಿಕಿತ್ಸೆಗಾಗಿ. ಅವ್ವ ಹೋಗಬೇಡ ಅನ್ನುತ್ತಾಳೆ. ‘ನಾಕು ಮಂದಿ ನಡುವ ಮತ್ತ ಬಿದ್ರ ನಾಳೆ ನಿನ್ನ ಲಗ್ನ ಹೆಂಗ ಮಾಡ್ಲಿ’ ಎಂಬುದು ಅವಳ ಚಿಂತೆ. ಕಾಕಾ ‘ಒಂದು ಸಲೈನ್ ಹಚ್ಚಿಸಿಕೊಂಡು ಹೋಗು’ ಅನ್ನುತ್ತಾರೆ. ಅಜ್ಜಿ ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೋ ಅನ್ನುತ್ತಾಳೆ. ಗೆಳತಿಯರು ‘ಕಲಬುರಗಿ ಬಿಸಿಲು ತಿಂದವರಿಗೆ ಬೆಂಗಳೂರು ಯಾವ ಲೆಕ್ಕ’ ಅನ್ನುತ್ತಾರೆ. ಹೋಗಬಹುದೇ? ಹೋದ ಸಲ ಮೂರು ದಿನ ಕಿವಿಯಲ್ಲಿ ಗುಂಯ್ ಎಂದದ್ದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ತಂಗಿ, ನೀನು ಕೇಳಿದ್ದು ಬೆಂಗಳೂರಿಗೆ ಹೋಗಬಹುದೇ ಎಂದು. ಕೇಳಲು ಅಂಜಿ ಬಿಟ್ಟದ್ದು, ನನಗೆ ಫಿಟ್ಸ್ ಇದೆಯೇ ಎಂದು. ನಿನ್ನ ಅವ್ವನ ನಿದ್ದೆ ಕೆಡಿಸಿದ್ದೂ ಅದೇ. ಅದನ್ನೇ ಮೊದಲು ಹಿಡಿಯೋಣ.

ಪತ್ರ ಓದಿ ರೋಗ ಹೇಳುವುದು ಸರಿಯಲ್ಲ, ಆದರೆ ನೀನು ಬರೆದ ವಿವರ ಅಷ್ಟು ಸ್ಪಷ್ಟವಾಗಿದೆ. ಅದು ಫಿಟ್ಸ್‌ನಂತೆ ಕಾಣುವುದಿಲ್ಲ. ನಮ್ಮ ಕಡೆ ಚಕ್ಕರ್ ಬಂದು ಬೀಳುವುದು ಎನ್ನುತ್ತೇವಲ್ಲ, ಅದು. ಫಿಟ್ಸ್ ಸಾಮಾನ್ಯವಾಗಿ ಹೇಳಿ ಕೇಳಿ ಬರುವುದಿಲ್ಲ. ಮೈ ಮೊದಲು ಸೆಟೆದು ಆಮೇಲೆ ಬೀಳುತ್ತದೆ. ಅದುರುವುದು ಒಂದು ಲಯದಲ್ಲಿ ಒಂದೆರಡು ನಿಮಿಷ ನಡೆಯುತ್ತದೆ, ಮುಖ ನೀಲಿಗಟ್ಟುತ್ತದೆ, ಕೆಲವೊಮ್ಮೆ ನಾಲಿಗೆಯ ಬದಿ ಹಲ್ಲಿಗೆ ಸಿಕ್ಕಿ ಗಾಯವಾಗುತ್ತದೆ. ಎಚ್ಚರವಾದ ಮೇಲೂ ಎಷ್ಟೋ ಹೊತ್ತು ತಾನು ಎಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ನಿನಗಾದದ್ದು ಬೇರೆ: ಮೊದಲು ಹೊಟ್ಟೆ ತೊಳಸುವುದು, ಬೆವರು, ಕಿವಿ ಮಂದ, ಕಣ್ಣು ಕಪ್ಪು, ಆಮೇಲೆ ಕುಸಿತ. ಮಲಗಿಸಿದ ಕೂಡಲೇ ಎದ್ದು ಗೆಳತಿಯರ ಹೆಸರು ಹೇಳಿದ್ದೀಯ.

ಹಾಗಾದರೆ ಕೈಕಾಲು ಅದುರಿದ್ದು ಯಾಕೆ? ಮಿದುಳಿಗೆ ಕೆಲವು ಸೆಕೆಂಡು ರಕ್ತ ಸಾಲದಿದ್ದರೆ ಯಾರ ಕೈಕಾಲಾದರೂ ಅದುರಬಹುದು. ಚಕ್ಕರ್ ಬಂದವರಲ್ಲಿ ಇದು ಅಪರೂಪವಲ್ಲ, ಸುಮ್ಮನೆ ನೋಡುವವರಿಗೆ ಭಯ ಹುಟ್ಟಿಸುತ್ತದೆ. ನಿನ್ನ ಗೆಳತಿಯರು ಪ್ರೀತಿಯಿಂದಲೇ ಹಿಡಿದು ನಿಲ್ಲಿಸಿದರು, ಅದೇ ತಪ್ಪಾಯಿತು. ಮನುಷ್ಯ ಚಕ್ಕರ್ ಬಂದು ಬೀಳುವುದು ದೇಹವೇ ಮಾಡಿಕೊಳ್ಳುವ ಚಿಕಿತ್ಸೆ. ಅಡ್ಡ ಮಲಗಿದರೆ ರಕ್ತ ತಾನೇ ಹರಿದು ತಲೆಗೆ ಬರುತ್ತದೆ. ನಿಲ್ಲಿಸಿ ಹಿಡಿದರೆ ಆ ದಾರಿ ಮುಚ್ಚಿದಂತೆ, ಅದುರುವುದು ಹೆಚ್ಚುತ್ತದೆ. ಕೀಲಿಕೈ, ಚಪ್ಪಲಿ, ಉಳ್ಳಾಗಡ್ಡಿ ಯಾವುದೂ ಚಕ್ಕರಿಗೂ ಮದ್ದಲ್ಲ, ಫಿಟ್ಸಿಗೂ ಅಲ್ಲ. ಎರಡೂ ಹೆಚ್ಚಿನ ಸಲ ತಾವಾಗಿಯೇ ನಿಲ್ಲುತ್ತವೆ, ಹೆಸರು ಮಾತ್ರ ಕೀಲಿಕೈಗೆ ಬರುತ್ತದೆ.

ಇನ್ನು ಬಿದ್ದದ್ದು ಯಾಕೆ. ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆಯ ಕೆಳಭಾಗಕ್ಕೂ ಕಾಲಿಗೂ ಇಳಿಯುತ್ತದೆ. ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು, ನಡೆದಾಗ ಮಾತ್ರ. ನಡೆಯುವವರು ಬೀಳುವುದು ಕಡಿಮೆ, ಕದಲದೆ ನಿಲ್ಲುವವರು ಬೀಳುತ್ತಾರೆ. ಪರೇಡಿನಲ್ಲಿ ಪೊಲೀಸರು, ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಮಕ್ಕಳು ಕುಸಿಯುವುದು ಇದರಿಂದಲೇ. ಇದಕ್ಕೆ ಸೆಕೆ ಸೇರಿದರೆ ಚರ್ಮದ ರಕ್ತನಾಳಗಳೂ ಅಗಲವಾಗಿ ಇನ್ನಷ್ಟು ರಕ್ತ ಅತ್ತ ಹೋಗುತ್ತದೆ. ನೀರು ಕುಡಿಯದಿದ್ದರೆ ರಕ್ತದ ಒಟ್ಟು ಪ್ರಮಾಣವೇ ಇಳಿಯುತ್ತದೆ. ಒಂದು ಹಂತದಲ್ಲಿ ನರವ್ಯವಸ್ಥೆ ಲೆಕ್ಕ ತಪ್ಪಿ ಹೃದಯದ ಬಡಿತವನ್ನು ಏರಿಸುವ ಬದಲು ಇಳಿಸಿಬಿಡುತ್ತದೆ. ಅಷ್ಟೇ, ದೀಪ ಆರಿದಂತೆ.

ನಿನ್ನ ಪ್ರಕರಣಕ್ಕೆ ಹೊಲಿಸಿ ಕೊಟ್ಟಂತೆ ಹೊಂದುವ ಒಂದು ಅಧ್ಯಯನವೂ ಇದೆ. ಬರ್ಲಿನ್‌ನಲ್ಲಿ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬ ಹಾಡುಗಾರರ ತಂಡದ ಕಾರ್ಯಕ್ರಮಕ್ಕೆ ಬಂದ ಹದಿವಯಸ್ಸಿನ ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಕುಸಿದಾಗ, ಲೆಂಪರ್ಟ್ ಮತ್ತು ಬೌವರ್ ಎಂಬ ಇಬ್ಬರು ವೈದ್ಯರು ಅವರಲ್ಲಿ ಕೆಲವರನ್ನು ಮಾತಾಡಿಸಿ 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಪತ್ರಿಕೆಗಳು ಉನ್ಮಾದ ಎಂದು ಬರೆಯುವಂಥ ಘಟನೆ. ವೈದ್ಯರಿಗೆ ಕಂಡದ್ದು ಮಾತ್ರ ನಿದ್ದೆಗೇಡಿ ರಾತ್ರಿ, ಖಾಲಿ ಹೊಟ್ಟೆ, ತಾಸುಗಟ್ಟಲೆ ನಿಂತದ್ದು, ಏದುಸಿರು, ಹಿಂದಿನಿಂದ ಎದೆಗೆ ಬಿದ್ದ ಒತ್ತಡ, ಅದರ ಮೇಲೆ ಚೀರಾಟ. ಚೀರುವುದಕ್ಕೂ ಚಕ್ಕರಿಗೂ ಏನು ಸಂಬಂಧ ಎಂದು ಕೇಳಬಹುದು. ಗಂಟಲು ಬಿಗಿದು ಉದ್ದಕ್ಕೆ ಚೀರಿದಾಗ ಎದೆಯೊಳಗಿನ ಒತ್ತಡ ಏರಿ, ಕೆಳಗಿನಿಂದ ಹೃದಯಕ್ಕೆ ಮರಳಬೇಕಾದ ರಕ್ತ ಬಾಗಿಲಲ್ಲೇ ನಿಲ್ಲುತ್ತದೆ. ಮಂದಿ ಎದೆಯನ್ನು ಒತ್ತಿದರೂ ಹಾಗೇ. ನಿನ್ನ ಪತ್ರವನ್ನು ಮತ್ತೊಮ್ಮೆ ಓದಿಕೋ: ಹೊಟ್ಟೆಗೆ ಏನು ತಿಂದೆ, ಏದುಸಿರು ಬಂತೇ ಎಂಬುದನ್ನು ಮಾತ್ರ ಬರೆದಿಲ್ಲ, ಉಳಿದದ್ದೆಲ್ಲ ಇದೆ.

ಆದರೂ ಇದಿಷ್ಟಕ್ಕೇ ಬಿಡಬೇಡ. ಟಿಕೆಟ್ ತೆಗೆಸುವ ಮೊದಲು ಎರಡು ಪರೀಕ್ಷೆ ಮಾಡಿಸು, ಇಸಿಜಿ ಮತ್ತು ಹಿಮೋಗ್ಲೋಬಿನ್. ಎರಡೂ ಜಿಲ್ಲಾ ಆಸ್ಪತ್ರೆಯಲ್ಲಿ ಆಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ನನ್ನ ಮುಂದೆ ಕೂರುವ ಕಾಲೇಜು ಹುಡುಗಿಯರನ್ನು ನೋಡಿದರೆ ಆ ಅಂಕಿ ನನಗೇನೂ ಹೆಚ್ಚೆನಿಸುವುದಿಲ್ಲ. ತಿಂಗಳ ಸ್ರಾವ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ನಾಚದೆ ಹೇಳು. ಇಸಿಜಿ ಯಾಕೆಂದರೆ, ಚಕ್ಕರಿನಲ್ಲಿ ಸ್ವಲ್ಪವೇ ಪಾಲು ಹೃದಯದ ಬಡಿತದ ದೋಷದಿಂದ ಬರುತ್ತದೆ, ಅದು ಮಾತ್ರ ಅಪಾಯದ್ದು. ಓಡುವಾಗ ಬಿದ್ದಿದ್ದರೆ, ಮಲಗಿದಾಗಲೇ ಎಚ್ಚರ ತಪ್ಪಿದ್ದರೆ, ಮುನ್ಸೂಚನೆಯೇ ಇಲ್ಲದೆ ಕುಸಿದಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಕಾರ್ಯಕ್ರಮದ ಮಾತು ಬದಿಗಿಟ್ಟು ಹೃದಯದ ವೈದ್ಯರನ್ನು ಕಾಣಬೇಕು.

ಗುಳಿಗೆಯ ವಿಷಯ. ಫಿಟ್ಸ್ ಗುಳಿಗೆಯನ್ನು ಯಾರೂ ತಾವಾಗಿ ಬಿಡಬಾರದು. ನಿಜವಾಗಿ ಫಿಟ್ಸ್ ಇದ್ದವರು ಹಾಗೆ ಬಿಟ್ಟರೆ ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು. ನೀನು ಬಿಟ್ಟು ಇಷ್ಟು ತಿಂಗಳಾದ ಮೇಲೆ ಮತ್ತೆ ನೀನೇ ಶುರು ಮಾಡಲೂಬೇಡ. ಒಮ್ಮೆ ನರರೋಗ ತಜ್ಞರ ಬಳಿ ಹೋಗು, ಜೊತೆಗೆ ಅವತ್ತು ನಿನ್ನನ್ನು ಹಿಡಿದ ಗೆಳತಿಯನ್ನು ಕರೆದುಕೊಂಡು ಹೋಗು. ಬಿದ್ದವಳಿಗಿಂತ ನೋಡಿದವಳ ಮಾತಿಗೆ ಇಲ್ಲಿ ಬೆಲೆ ಹೆಚ್ಚು. ಅವರು ಬರೆದುಕೊಡುವ ಒಂದು ಸಾಲು ನಿನ್ನ ಅವ್ವನಿಗೆ ನನ್ನ ಈ ಇಡೀ ಉತ್ತರಕ್ಕಿಂತ ಸಮಾಧಾನ ತಂದೀತು. ಹಾಗೇ ಅವ್ವನಿಗೆ ಇದನ್ನೂ ಹೇಳು: ಫಿಟ್ಸ್ ಇದ್ದರೂ ಲಗ್ನಕ್ಕೆ ಅಡ್ಡಿಯಿಲ್ಲ. ನನ್ನಲ್ಲಿ ಗುಳಿಗೆ ತಗೊಳ್ಳುತ್ತಲೇ ಎರಡು ಹೆತ್ತು ಸಾಕಿದವರಿದ್ದಾರೆ.

ಈಗ ಮನೆಮಂದಿಯ ಸಲಹೆಗಳು. ಕಾಕಾನ ಸಲೈನ್: ಅರ್ಧ ಲೀಟರಿನ ಸಲೈನ್ ಬಾಟಲಿಯಲ್ಲಿ ಇರುವುದು 4.5 ಗ್ರಾಂ ಉಪ್ಪು. ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚೆ. ವಾಂತಿ ಇಲ್ಲದೆ ಬಾಯಿಂದ ಕುಡಿಯಬಲ್ಲವಳಿಗೆ ಅದನ್ನು ಸೂಜಿಯಿಂದ ಏರಿಸುವುದು ಹಣ ದಂಡ, ಸೂಜಿ ಚುಚ್ಚಿದ ಜಾಗದಲ್ಲಿ ಸೋಂಕಾಗುವ ಅಪಾಯ ಬೇರೆ. ಹಿಂದಿನ ದಿನ ಏರಿಸಿದ್ದು ಮರುದಿನದ ಪಾಳಿಗೆ ಉಳಿಯುವುದೂ ಇಲ್ಲ, ಮೂತ್ರವಾಗಿ ಹೋಗಿರುತ್ತದೆ. ಸಲೈನ್ ಹಚ್ಚಿದರೇ ಡಾಕ್ಟರ್ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಎಷ್ಟು ಗಟ್ಟಿ ಎಂದರೆ, ಹಚ್ಚದಿದ್ದುದಕ್ಕೆ ನನ್ನ ಬಳಿ ಜಗಳಾಡಿ ಬೇರೆ ದವಾಖಾನೆಗೆ ಹೋದವರಿದ್ದಾರೆ. ಹೋಗಲಿ.

ಅಜ್ಜಿಯ ಉಳ್ಳಾಗಡ್ಡಿ ಕಿಸೆಯಲ್ಲಿದ್ದರೆ ಝಳ ತಡೆಯುವುದಿಲ್ಲ. ಹೆಚ್ಚಿ ಉಪ್ಪು ಹಾಕಿ ಮಜ್ಜಿಗೆಯ ಜೊತೆ ತಿಂದರೆ ಒಳ್ಳೆಯದು, ಆ ಪುಣ್ಯವೂ ಮಜ್ಜಿಗೆ ಮತ್ತು ಉಪ್ಪಿನದು. ಅಜ್ಜಿಗೆ ಬೇಸರ ಮಾಡಬೇಡ, ಇಟ್ಟುಕೋ.

ಗೆಳತಿಯರ ಮಾತು ಅರ್ಧ ನಿಜ. ದೇಹ ಸೆಕೆಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಒಂದೆರಡು ವಾರ ದಿನಾ ಬಿಸಿಲಲ್ಲಿ ಮೈ ಬಗ್ಗಿಸಬೇಕು. ತೊಗರಿ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಅದು ಇರುತ್ತದೆ. ಕೂಲರ್ ಮುಂದೆ ಕೂತು ಓದುವ ಹುಡುಗಿಗೆ ಕಲಬುರಗಿಯಲ್ಲಿ ಹುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಮೇಲಾಗಿ ನಿನ್ನನ್ನು ಕೆಡವಿದ್ದು ಬಿಸಿಲೊಂದೇ ಅಲ್ಲ, ನಿಂತದ್ದು. ಬೆಂಗಳೂರಿನ ತಂಪಿನಲ್ಲೂ ಏಳು ತಾಸು ಕದಲದೆ ನಿಂತರೆ ಬೀಳಬಹುದು.

ಶರಣಬಸವೇಶ್ವರ ಜಾತ್ರೆಯ ಮಂದಿಯ ನಡುವೆ ವೈದ್ಯಕೀಯ ಶಿಬಿರದಲ್ಲಿ ಕೂತು ನಾನು ಕಲಿತದ್ದು ಪುಸ್ತಕದಲ್ಲಿ ಕಲಿತದ್ದಕ್ಕಿಂತ ಕಡಿಮೆಯಲ್ಲ. ಶಿಬಿರಕ್ಕೆ ಹೊತ್ತು ತರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಕೇಳಿದರೆ ಒಂದೇ ಉತ್ತರ, ‘ಮುಂಜಾನಿಂದ ನೀರ್ ಕುಡಿದಿಲ್ರಿ, ಎಲ್ಲಿಗಿ ಹೋಗೋದ್ರಿ?’ ಗಂಡಸರಿಗೆ ಗೋಡೆ ಇದೆ. ಇದು ಹೆಂಗಸರ ದೇಹದ ದೌರ್ಬಲ್ಯವಲ್ಲ, ಸಂಡಾಸಿನ ದೌರ್ಬಲ್ಯ. ಟಿಕೆಟಿಗೆ ಸಾವಿರಗಟ್ಟಲೆ ತೆಗೆದುಕೊಳ್ಳುವವರನ್ನು ಪಾಳಿ ನಿಲ್ಲುವ ಜಾಗದಲ್ಲಿ, ಗೇಟಿನ ಹೊರಗೇ, ಹೆಂಗಸರಿಗೆ ಸಂಡಾಸು ಮತ್ತು ನೀರು ಇದೆಯೇ ಎಂದು ಮೊದಲೇ ಕೇಳು. ಇಲ್ಲ ಎಂದರೆ ಮುಂಜಾನೆಯಿಂದ ನಿಲ್ಲುವ ಯೋಚನೆಯನ್ನೇ ಬಿಡು. ಗೆಳತಿಯರು ಮೂವರಿದ್ದೀರಿ, ಒಬ್ಬಳು ಪಾಳಿ ಹಿಡಿದು ಇಬ್ಬರು ಹೋಗಿ ಬನ್ನಿ. ಮೂತ್ರದ ಬಣ್ಣ ತಿಳಿ ಹುಲ್ಲಿನಂತಿದ್ದರೆ ನೀರು ಸಾಕಾಗಿದೆ ಎಂದರ್ಥ. ಕಡು ಹಳದಿಯಾದರೆ ಸಾಲದು.

ಕುಡಿಯುವುದೆಂದರೆ ಅರ್ಧ ತಾಸಿಗೊಮ್ಮೆ ಒಂದು ಲೋಟ. ಒಮ್ಮೆಲೇ ಮೂರು ಲೀಟರ್ ಬರೀ ನೀರು ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗಿ ಅದೇ ಬೇರೆ ರೋಗವಾಗುತ್ತದೆ. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೋ, ಒಂದು ಲೀಟರಿಗೆ ಒಂದು ದೊಡ್ಡ ಪೊಟ್ಟಣ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರಬೇಕು. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ನೀರು ಅದಲ್ಲ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಸಪಾಟು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ತಿನ್ನಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೋ. ಕೆಡುವುದಿಲ್ಲ, ಉಪ್ಪೂ ಸಿಗುತ್ತದೆ. ಅಂಗಡಿಯ ಯಾವ ಎನರ್ಜಿ ಬಾರ್ ಅದಕ್ಕೆ ಸಮವೋ ಕಾಣೆ.

ನಿಂತಿರುವಾಗ ಮಂಡಿಯನ್ನು ಸೆಟೆದು ನಿಲ್ಲಬೇಡ. ಆಗಾಗ ಹಿಮ್ಮಡಿ ಎತ್ತಿ ಇಳಿಸು. ಹೊಟ್ಟೆ ತೊಳಸಿ ಕಣ್ಣು ಮಂಜಾಗತೊಡಗಿದರೆ ಕಾಲಿಗೆ ಕಾಲು ಹೆಣೆದು ತೊಡೆಯನ್ನೂ ಪೃಷ್ಠವನ್ನೂ ಬಿಗಿ ಹಿಡಿ, ಎರಡು ಕೈ ಕೊಕ್ಕೆ ಹಾಕಿ ಎಳೆ. ಕಡಿಮೆಯಾಗದಿದ್ದರೆ ನಾಚಿಕೆ ಬಿಟ್ಟು ಕುಕ್ಕರಗಾಲಲ್ಲಿ ಕೂಡು, ಜಾಗವಿದ್ದರೆ ಮಲಗು. ಗೆಳತಿಯರು ಕಾಲು ಮೇಲೆತ್ತಿ ಹಿಡಿಯಲಿ. ಒಂದೆರಡು ನಿಮಿಷದಲ್ಲಿ ಎಚ್ಚರ ಬರದಿದ್ದರೆ ಅದು ಬರೀ ಚಕ್ಕರಲ್ಲ, ಬಿಸಿಲಿನಲ್ಲಿ ಮೈ ಕಾದ ಹಂಚಾಗಿ ಅಸಂಬದ್ಧ ಮಾತಾಡಿದರೆ ಅದು ಸೂರ್ಯಾಘಾತ. ಎರಡಕ್ಕೂ 108ಕ್ಕೆ ಕರೆ ಮಾಡಬೇಕು, ಸೂರ್ಯಾಘಾತವಾದರೆ ಗಾಡಿ ಬರುವವರೆಗೆ ಮೈತುಂಬ ನೀರು ಸುರಿದು ಗಾಳಿ ಹಾಕುತ್ತಲೇ ಇರಬೇಕು. 1985ರ ಜುಲೈ 13ರಂದು ಇಥಿಯೋಪಿಯಾದ ಬರಕ್ಕಾಗಿ ನಡೆದ ಲೈವ್ ಏಡ್ ಎಂಬ ಸಂಗೀತ ಕಾರ್ಯಕ್ರಮದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಿಸಿಲಿಗೆ ಜನರ ಮೇಲೆ ಪೈಪಿನಿಂದ ನೀರು ಹಾರಿಸಿದ್ದು ಮೋಜಿಗಲ್ಲ. ನೀರು ಆರುವಾಗ ಮೈಯ ಶಾಖವನ್ನೂ ಒಯ್ಯುತ್ತದೆ.

ನನಗೆ ನಿಜವಾಗಿ ಅಂಜಿಕೆ ಇರುವುದು ನಿನ್ನ ಪತ್ರದ ಒಂದೇ ಸಾಲಿನ ಬಗ್ಗೆ: ‘ಎಲ್ಲರೂ ಮುಂದೆ ಒತ್ತಿದರು.’ ಚಕ್ಕರ್ ಬಂದವಳು ಎದ್ದು ಕೂರುತ್ತಾಳೆ, ಇದರಿಂದ ಏಳದವರಿದ್ದಾರೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದಿ ಹೂ’ (The Who) ಎಂಬ ರಾಕ್ ತಂಡದ ಕಾರ್ಯಕ್ರಮಕ್ಕೆ ಗೊತ್ತಾದ ಆಸನವಿಲ್ಲದ ಟಿಕೆಟ್ ಹಿಡಿದು ಬಾಗಿಲ ಹೊರಗೆ ಕಾದಿದ್ದವರಲ್ಲಿ 11 ಮಂದಿ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೂ 11 ಮಂದಿ. ಎರಡೂ ಕಡೆ ಸಾವು ಬಂದದ್ದು ಗೇಟಿನ ಬಳಿ. ಇಂಥ ಕಡೆ ಜನ ಹೆಚ್ಚಾಗಿ ಸಾಯುವುದು ತುಳಿತದಿಂದಲ್ಲ, ನಿಂತಲ್ಲೇ ಎದೆ ಅರಳಲು ಜಾಗವಿಲ್ಲದೆ ಉಸಿರುಗಟ್ಟಿ. ಒಂದು ಚದರ ಮೀಟರಿನಲ್ಲಿ ನಾಲ್ಕು ಮಂದಿ ಇರುವವರೆಗೆ ನಿನ್ನ ಕಾಲು ನಿನ್ನ ಮಾತು ಕೇಳುತ್ತದೆ. ಆರು ದಾಟಿದರೆ ಗುಂಪು ನೀರಿನಂತೆ ಹೊಯ್ದಾಡುತ್ತದೆ, ನೀನು ಅದರಲ್ಲಿ ತೇಲುವ ಕಡ್ಡಿ. ನಾಲ್ಕೂ ಕಡೆಯಿಂದ ಮೈಗೆ ಮೈ ತಾಗತೊಡಗಿತು, ಕೈ ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲ ಎಂದರೆ ಅದೇ ಹೊರಡುವ ಹೊತ್ತು, ಗೇಟು ಹತ್ತೇ ಹೆಜ್ಜೆ ದೂರವಿದ್ದರೂ. ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಉಳಿಸಿಕೋ. ಹಿಂದಕ್ಕೆ ತಳ್ಳಬೇಡ, ಅಲೆ ತಗ್ಗಿದಾಗಲೊಮ್ಮೆ ಓರೆಯಾಗಿ ಅಂಚಿನತ್ತ ಸರಿ. ಮೊಬೈಲ್ ಬಿದ್ದರೆ ಬಗ್ಗಬೇಡ. ಅಂಥ ಜಾಗದಲ್ಲಿ ಚಕ್ಕರ್ ಬಂದರೆ ಮಲಗಲೂ ಆಗದು. ನಿನ್ನಂಥವಳು ಮುಂದಿನ ಸಾಲಿಗೆ ಹೋಗಬಾರದು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಹಾಗಾದರೆ ನಿನ್ನ ಮುಂದಿರುವ ದಾರಿಗಳು. ಮೊದಲಿನಂತೆ ಮುಂಜಾನೆಯಿಂದ ನಿಂತು ವೇದಿಕೆಯ ಬುಡ ಹಿಡಿಯುವುದು: ಪರೀಕ್ಷೆಗಳೆಲ್ಲ ಸರಿ ಬಂದರೂ ನಾನು ಬೇಡ ಎನ್ನುತ್ತೇನೆ. ಒಮ್ಮೆ ಹೀಗೆ ಬಿದ್ದವರು ಅಂಥದ್ದೇ ಪರಿಸ್ಥಿತಿಯಲ್ಲಿ ಮತ್ತೆ ಬೀಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆಸನದ ಸಂಖ್ಯೆ ಇರುವ ಟಿಕೆಟ್ ತೆಗೆದುಕೊಂಡರೆ ಪಾಳಿಯ ಕಾಟವೇ ಇಲ್ಲ, ದುಡ್ಡು ಮಾತ್ರ ಜಾಸ್ತಿ. ನಡುವಿನ ದಾರಿ ನನಗೆ ಹಿಡಿಸಿದ್ದು: ನಿಲ್ಲುವ ಟಿಕೆಟ್ಟೇ ಇರಲಿ, ಗೇಟು ತೆಗೆದು ಮೊದಲ ನೂಕುನುಗ್ಗಲು ಇಳಿದ ಮೇಲೆ ಹೋಗಿ, ಹಿಂದೆ, ಅಂಚಿಗೆ, ಹೊರಹೋಗುವ ಬಾಗಿಲು ಕಾಣುವಂತೆ ನಿಲ್ಲುವುದು. ಹಾಡುಗಾರನ ಮುಖ ಚಿಕ್ಕದಾಗಿ ಕಾಣುತ್ತದೆ, ನಿಜ. ಮಕ್ಕಳ ಚಿಕಿತ್ಸೆಗೆ ಹೋಗುವ ಹಣ ಮಾತ್ರ ಮುಂದಿನವಳದ್ದೂ ಹಿಂದಿನವಳದ್ದೂ ಒಂದೇ. ಹೋಗದೆ ಟಿಕೆಟಿನ ದುಡ್ಡನ್ನು ನೇರ ಆಸ್ಪತ್ರೆಗೆ ಕಳಿಸುವುದೂ ಒಂದು ದಾರಿ, ಅಲ್ಲಿ ಖರ್ಚು ಕಳೆಯದೆ ಪೂರ್ತಿ ಮುಟ್ಟುತ್ತದೆ. ಆದರೆ 21ರ ಹುಡುಗಿಗೆ ಅದನ್ನೇ ಮಾಡು ಎಂದು ಹೇಳುವಷ್ಟು ಮುದುಕಿ ನಾನಾಗಿಲ್ಲ.

ಯಾವುದಾದರೂ ಸರಿ, ಹಿಂದಿನ ರಾತ್ರಿ ನಿದ್ದೆ ಬೇಕೇ ಬೇಕು. ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮಲಗುವ ಬರ್ತ್ ಸಿಕ್ಕರೆ ಹೋಗು, ಜನರಲ್ ಡಬ್ಬಿಯಲ್ಲಿ ನಿಂತು ಹೋಗುವುದಾದರೆ ಬೇಡ. ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಮಲಗಿದರೆ ಇನ್ನೂ ಚಲೋ.

ಅವ್ವನಿಗೆ ರಾಕ್ ಎಂದರೇ ಕಿರಿಕಿರಿ ಇರಬಹುದು. ಇಂಥ ದಾನದ ದೊಡ್ಡ ಕಾರ್ಯಕ್ರಮಗಳಿಗೆ ದಾರಿ ಹಾಕಿದ್ದು 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದದ್ದು. ಅದಕ್ಕೆ ಬೀಟಲ್ಸ್ ರಾಕ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್‌ರನ್ನು ಎಬ್ಬಿಸಿದವರು ನಮ್ಮ ಸಿತಾರ್ ರವಿಶಂಕರ್, ಅವತ್ತು ಮೊದಲು ನುಡಿಸಿದವರೂ ಅವರೇ. ಹೇಳಿ ನೋಡು, ಕೆಲಸ ಮಾಡಿದರೂ ಮಾಡೀತು.

ಉಳಿದದ್ದು ಕಿವಿ. ಅದಕ್ಕೂ ಚಕ್ಕರಿಗೂ ಸಂಬಂಧವಿಲ್ಲ. ಅದು ದೊಡ್ಡ ಸದ್ದಿಗೆ ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಬಳಲಿದ ಗುರುತು. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ತಾಸು ತಡೆಯಬಹುದು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ ಉಳಿಯುವುದು ಹದಿನೈದೇ ನಿಮಿಷ, ರಾಕ್ ವೇದಿಕೆಯ ಮುಂದೆ ಅಷ್ಟು ಸಲೀಸಾಗಿ ಇರುತ್ತದೆ. ಅರಳೆ ತುರುಕಿದರೆ ಹೆಚ್ಚೇನೂ ತಡೆಯುವುದಿಲ್ಲ. ಔಷಧ ಅಂಗಡಿಯಲ್ಲಿ ಸ್ಪಂಜಿನ ಕಿವಿಬಿರಡೆ ಸಿಗುತ್ತವೆ, ಬೆರಳಲ್ಲಿ ಹೊಸೆದು ಒಳಗಿಟ್ಟು ಅರಳುವವರೆಗೆ ಹಿಡಿದುಕೋ. ಮೂವರಿಗೂ ಕೊಂಡುಕೋ. ಈ ಸಲವೂ ಗುಂಯ್ ಅನ್ನುವುದು ಎರಡು ದಿನ ದಾಟಿದರೆ, ಅಥವಾ ಒಂದೇ ಕಿವಿ ಮಂದವಾದರೆ ತಾನೇ ಹೋದೀತೆಂದು ಕಾಯದೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸು. ಹಠಾತ್ತನೆ ಕಿವುಡಾದರೆ ಮೊದಲ ಕೆಲವು ದಿನಗಳ ಔಷಧವೇ ಹೆಚ್ಚು ಉಪಯೋಗಕ್ಕೆ ಬರುವುದು.